ನಾಲ್ಕು ವರ್ಷದ ಮಗಳ ಊಟ, ನಿದ್ರೆ ಮತ್ತು ಅತ್ತೆಯವರ ಜೇನು: ಸಲಹೆ ಬೇಕು

ಶಿರಸಿ ಕಡೆಯವರು, ಈಗ ಟೊರೊಂಟೊ ಸಮೀಪ:
ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ಎರಡು ಚಳಿಗಾಲ ಕಳೆದಿವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಏಳು ತಿಂಗಳು. ಮೊಬೈಲ್ ಎದುರಿಗಿದ್ದರೆ ಮಾತ್ರ ಮಗಳು ಬಾಯಿ ತೆರೆಯುತ್ತಾಳೆ. ಹಾಡು ನಿಂತರೆ ತುತ್ತು ಕೆನ್ನೆಯೊಳಗೇ ಉಳಿಯುತ್ತದೆ. ಹಾಲನ್ನು ಮಾತ್ರ ದಿನಕ್ಕೆ ಲೀಟರಿನ ಹತ್ತಿರ ಕುಡಿಯುತ್ತಾಳೆ ಎಂಬುದೊಂದೇ ಸಮಾಧಾನ. ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ಬೆಳಿಗ್ಗೆ ಡೇ ಕೇರ್‌ಗೆ ಎಬ್ಬಿಸಿದರೆ ಏಳುವುದಿಲ್ಲ. ಮುಂದಿನ ತಿಂಗಳು ಅತ್ತೆಯವರು ಬರುತ್ತಿದ್ದು, ಮಗನಿಗೆ ನೆಕ್ಕಿಸಲು ಮಿಸರಿ (ಚುಚ್ಚದ ಪುಟ್ಟ ಜೇನ್ನೊಣದ) ಜೇನನ್ನು ಈಗಾಗಲೇ ಸೋಸಿ ಬಾಟಲಿಗೆ ತುಂಬಿಸಿಟ್ಟಿದ್ದಾರಂತೆ. ಅವರ ಮನಸ್ಸು ನೋಯಿಸುವ ಇಚ್ಛೆ ನನಗಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನಡೆಸಿಕೊಂಡು ಹೋಗಬಹುದಾದ ಸಣ್ಣ ಅಭ್ಯಾಸಗಳೇನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಕುಮಟಾದವರು, ದುಬೈ:
ಎಲ್ಲ ಮಕ್ಕಳೂ ಹೀಗೆಯೇ. ಶಾಲೆಗೆ ಸೇರಿದ ಮೇಲೆ ತಾನಾಗಿ ಸರಿಹೋಗುತ್ತದೆ.

ಹೊನ್ನಾವರದವರು, ಒಟ್ಟಾವಾ (ಮಕ್ಕಳ ವಾರ್ಡಿನ ನರ್ಸ್):
ತಂಗಿ, ಮೊದಲು ಹಾಲಿನ ಲೆಕ್ಕ ನೋಡು. ಆ ಒಂದು ಲೀಟರೇ ಊಟ ಬೇಡವೆನ್ನಿಸುತ್ತಿದೆ. ಈ ವಯಸ್ಸಿಗೆ ದಿನಕ್ಕೆ 500 ಮಿಲಿ ಸಾಕು, 750 ದಾಟಲೇಬಾರದು. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಹಾಲಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳು ನೋಡಲು ದುಂಡಗಿದ್ದರೂ ರಕ್ತಹೀನತೆಗೆ ಬೀಳುತ್ತಾರೆ, ಅಂಥವರನ್ನು ನಮ್ಮ ವಾರ್ಡಿನಲ್ಲಿ ಆಗಾಗ ಕಾಣುತ್ತೇವೆ. ಹಾಲನ್ನು ಊಟದ ಜೊತೆಗೆ ಅಥವಾ ಊಟವಾದ ನಂತರ ಪುಟ್ಟ ಲೋಟದಲ್ಲಿ ಕೊಡು, ಊಟಕ್ಕೆ ಮುಂಚಿನ ಎರಡು ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಹಸಿವಾದ ಮಗುವಿಗೆ ಮೊಬೈಲಿನ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ. ಏನು, ಎಲ್ಲಿ, ಯಾವಾಗ ಎಂಬುದನ್ನು ನೀನು ನಿರ್ಧರಿಸು. ಎಷ್ಟು ಎಂಬುದನ್ನು ಅವಳಿಗೆ ಬಿಡು. ಮೂರು ತುತ್ತು ತಿಂದು ಎದ್ದರೆ ತಟ್ಟೆ ತೆಗೆದುಬಿಡು, ಹಿಂದೆ ಓಡಬೇಡ. ಮೊದಲ ವಾರ ಅಳು ಇದ್ದೇ ಇರುತ್ತದೆ.

ನಿದ್ರೆಯ ವಿಷಯದಲ್ಲಿ ಡೇ ಕೇರ್‌ನವರನ್ನು ಒಂದು ಮಾತು ಕೇಳು: ಮಧ್ಯಾಹ್ನ ಎಷ್ಟು ಹೊತ್ತು ಮಲಗಿಸುತ್ತಾರೆ? ಮೂರು–ನಾಲ್ಕು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆಗಳ ನಿದ್ರೆ ಬೇಕು. ಅದರಲ್ಲಿ ಎರಡೂವರೆ ಗಂಟೆ ಅಲ್ಲಿಯೇ ಮುಗಿದರೆ ರಾತ್ರಿ ಎಂಟೂವರೆಗೆ ಕಣ್ಣು ಮುಚ್ಚುವುದಾದರೂ ಹೇಗೆ? ಅರ್ಧ ಗಂಟೆಗೆ ಎಬ್ಬಿಸಲು ಹೇಳಬಹುದು. ಮಲಗುವ ಒಂದು ಗಂಟೆ ಮೊದಲು ಪರದೆ ಆರಿಸಿ, ದೀಪ ತಗ್ಗಿಸಿ, ಪ್ರತಿದಿನ ಅದೇ ಕ್ರಮದಲ್ಲಿ ಸ್ನಾನ, ಹಲ್ಲುಜ್ಜುವುದು, ಕಥೆ ಮಾಡಿಸು.

ಕಾರವಾರ 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ, ಟೊರೊಂಟೊ 43 ದಾಟಿದೆ. ಚಳಿಗಾಲದ ನಡುವೆ ಇಲ್ಲಿನ ಬಿಸಿಲು ಬೆಳಕು ಕೊಡುತ್ತದೆಯೇ ಹೊರತು ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಸಾಲುವುದಿಲ್ಲ. ನಮ್ಮ ಮೈಬಣ್ಣಕ್ಕಂತೂ ಇನ್ನೂ ಕಷ್ಟ. ಎದೆಹಾಲು ಕುಡಿಯುವ ಮಗನಿಗೆ ದಿನಕ್ಕೆ 400 ಐಯು ಹನಿ ಕಡ್ಡಾಯವೆಂದೇ ತಿಳಿ. ಅವನಿಗೆ ಈಗ ಕಬ್ಬಿಣದ ಅಂಶವಿರುವ ಆಹಾರವೂ ಬೇಕು: ಚೆನ್ನಾಗಿ ಬೇಯಿಸಿ ನುರಿದ ಹೆಸರುಬೇಳೆ, ಕಬ್ಬಿಣ ಸೇರಿಸಿದ ಶಿಶು ಆಹಾರ. ಬೇಳೆಗೆ ಎರಡು ಹನಿ ಲಿಂಬೆರಸ ಬಿದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಜೇನು ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಒಂದು ಹನಿಯೂ ಬೇಡ.

ಸಿದ್ದಾಪುರದವರು, ನ್ಯೂಜೆರ್ಸಿ (1994ರಿಂದ):
ಮೇಲಿನ ಉತ್ತರವನ್ನು ಓದಿದೆ. ಗೌರವದಿಂದಲೇ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ನಮ್ಮ ಸೀಮೆಯಲ್ಲಿ ತಲೆತಲಾಂತರದಿಂದ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸಿದ್ದಾರೆ. ನಾನೂ ನೆಕ್ಕಿದ್ದೇನೆ, ನನ್ನ ಆರು ಜನ ಅಣ್ಣತಮ್ಮಂದಿರೂ ನೆಕ್ಕಿದ್ದಾರೆ, ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಸೂಪರ್ ಮಾರ್ಕೆಟ್ಟಿನ ಸಕ್ಕರೆ ಪಾಕಕ್ಕೂ ಮರದ ಪೊಟರೆಯ ಮಿಸರಿ ಜೇನಿಗೂ ವ್ಯತ್ಯಾಸ ಅರಿಯದವರು ಬರೆದ ನಿಯಮವನ್ನು ನಾವೇಕೆ ಪಾಲಿಸಬೇಕು? ಸಮಸ್ಯೆಯ ಬೇರು ಬೇರೆಯೇ ಇದೆ. ಕೂಡಿ ಉಣ್ಣುವುದನ್ನು ಬಿಟ್ಟೆವು, ಮನೆಯಲ್ಲಿ ಕನ್ನಡ ಬಿಟ್ಟೆವು, ಎಣ್ಣೆಸ್ನಾನ ಬಿಟ್ಟೆವು. ಮಗು ಮೊಬೈಲ್ ಹಿಡಿಯಿತು. ತಂಗಿ, ಅತ್ತೆಯವರು ಬಂದ ಮೇಲೆ ಅಡುಗೆಮನೆ ಮತ್ತು ಮಗು ಎರಡನ್ನೂ ಅವರಿಗೆ ಒಪ್ಪಿಸಿಬಿಡು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಒಂದೆಲಗದ ತಂಬುಳಿ. ಯಾವ ಹನಿಯೂ ಬೇಕಾಗುವುದಿಲ್ಲ.

ಕಾರವಾರದವರು, ಅಬರ್ಡೀನ್:
ತಂಬುಳಿ ಒಳ್ಳೆಯದೇ, ಆದರೆ ನಮ್ಮ ಕರಾವಳಿಯ ಬಂಗಡೆ, ತಾರ್ಲೆಗಳನ್ನು ಯಾರೂ ಹೇಳಲಿಲ್ಲವಲ್ಲ. ವಿಟಮಿನ್ ಡಿ ಇರುವ ಸಹಜ ಆಹಾರ ಎಂದರೆ ಕೊಬ್ಬಿನ ಮೀನುಗಳೇ ಮುಖ್ಯ. ಇಲ್ಲಿ ಡಬ್ಬಿಯ ತಾರ್ಲೆ ಅಗ್ಗವಾಗಿಯೇ ಸಿಗುತ್ತದೆ. ಮುಳ್ಳು ಮೆತ್ತಗಾಗಿರುವುದರಿಂದ ಸುಣ್ಣದ ಅಂಶವೂ ದೊರೆಯುತ್ತದೆ. ಮುರುಗಲು ಹಾಕಿ ಸಾರು ಮಾಡಿದರೆ ನನ್ನ ಇಬ್ಬರೂ ಮಕ್ಕಳು ತಟ್ಟೆ ನೆಕ್ಕುತ್ತಾರೆ.

ಸಿದ್ದಾಪುರದವರು, ನ್ಯೂಜೆರ್ಸಿ:
ಪ್ರಶ್ನೆ ಕೇಳಿದವರು ಮೀನು ತಿನ್ನುವವರಲ್ಲ ಎಂದು ಕಾಣುತ್ತದೆ. ಅದಿರಲಿ, ಭಾಷೆಯ ಬಗ್ಗೆ ನಾನು ಹೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ಅಜ್ಜಿಯ ಜೊತೆ ಮಾತೇ ಬಾರದ ಮಗು ಅಜ್ಜಿ ಬಡಿಸಿದ್ದನ್ನು ಏಕೆ ತಿನ್ನಬೇಕು?

ಯಲ್ಲಾಪುರದವರು, ಸ್ಟಾಕ್‌ಹೋಮ್:
ಅಣ್ಣ ಹೇಳಿದ್ದು ಮನಸ್ಸಿಗೆ ತಾಗಿತು. ನಮ್ಮ ಅಪ್ಪಯ್ಯನಿಗೆ ಮೊಮ್ಮಗನನ್ನು ಅಡಿಕೆ ಹಾಳೆಯ ಮೇಲೆ ಕುಳ್ಳಿರಿಸಿ ಅಂಗಳದ ತುಂಬ ಎಳೆಯಬೇಕೆಂಬ ಆಸೆಯಿತ್ತು. ನಮಗೆ ರಜೆ ಸಿಗುವಷ್ಟರಲ್ಲಿ ಅವರ ಮೊಣಕಾಲು ಸೋತಿತ್ತು. ಇಲ್ಲಿ ಡೇ ಕೇರ್‌ನವರು ಹಿಮ ಬೀಳುತ್ತಿದ್ದರೂ ಮಕ್ಕಳನ್ನು ದಿನವೂ ಹೊರಗೆ ಆಡಲು ಬಿಡುತ್ತಾರೆ, ಮಗ ಚೆನ್ನಾಗಿಯೇ ಬೆಳೆಯುತ್ತಿದ್ದಾನೆ; ಆದರೂ ಆ ಹಾಳೆಯ ಮಾತು ಬಂದಾಗಲೆಲ್ಲ ಬೇಸರವಾಗುತ್ತದೆ.

ಗುಣವಂತೆ ಕಡೆಯವರು, ಮೆಲ್ಬರ್ನ್:
ದೇಹಕ್ಕೆ ವ್ಯಾಯಾಮವೂ ಭಾಷೆಯೂ ಒಟ್ಟಿಗೆ ಬೇಕಾದರೆ ಯಕ್ಷಗಾನ ಕಲಿಸಿ. 1934ರಲ್ಲಿ ಹುಟ್ಟಿದ ಇಡಗುಂಜಿ ಮೇಳದ ಊರಿನವರಾದ ನಮಗೆ ಅದನ್ನು ಹೇಳಿಕೊಳ್ಳುವ ಹಕ್ಕಿದೆ. ನನ್ನ ಒಂಬತ್ತು ವರ್ಷದ ಮಗಳು ಬಡಗಿನ ಹೆಜ್ಜೆಗಳನ್ನು ಒಂದು ಗಂಟೆ ಅಭ್ಯಾಸ ಮಾಡಿ, ಮಂಡಿ ಹಾಕಿ, ಬೆವರಿಳಿಸಿಕೊಂಡು ಬಂದ ರಾತ್ರಿ ಮಲಗು ಎಂದು ಹೇಳಬೇಕಾಗಿಯೇ ಇಲ್ಲ. ಕಳೆದ ದೀಪಾವಳಿಗೆ ಅವಳ ಬಾಲಗೋಪಾಲ ವೇಷ ನೋಡಿದವರೆಲ್ಲ ಮೆಚ್ಚಿದರು. ಭಾವಚಿತ್ರಗಳನ್ನು ಬೇರೆಯಾಗಿ ಹಾಕುತ್ತೇನೆ.

ಹೊನ್ನಾವರದವರು, ಒಟ್ಟಾವಾ:
ಹೆಜ್ಜೆ ಅಭ್ಯಾಸ ಬಹಳ ಒಳ್ಳೆಯದು. ಐದು ವರ್ಷ ದಾಟಿದವರಿಗೆ ದಿನಕ್ಕೆ 60 ನಿಮಿಷದ ಚುರುಕಾದ ಚಟುವಟಿಕೆ ಬೇಕೆಂದೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಭಾಷೆಯ ಬಗ್ಗೆ ಅಣ್ಣನ ಮಾತನ್ನು ಅರ್ಧ ಒಪ್ಪುತ್ತೇನೆ. ಮನೆಯಲ್ಲಿ ಕನ್ನಡ ಆಡಿದ್ದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ. ಹಾಗೆಂದು ಮಾತು ತಡವಾದರೆ ಎರಡು ಭಾಷೆಯ ಮೇಲೆ ತಪ್ಪು ಹೊರಿಸಿ ಕಾಯುತ್ತಲೂ ಕೂರಬಾರದು, ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಆದರೆ ತಂಗಿ ಕೇಳಿದ್ದು ಭಾಷೆಯನ್ನಲ್ಲ.

ಜೇನಿನ ವಿಷಯವನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಓದುವ ಬೇರೆ ತಾಯಂದಿರೂ ಇದ್ದಾರೆ. ಶುದ್ಧ, ಅಶುದ್ಧ ಎಂಬ ಪ್ರಶ್ನೆಯೇ ಇದಲ್ಲ. ಮಣ್ಣಿನಲ್ಲಿರುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ಸೇರಿರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು. ಒಂದು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉತ್ಪಾದಿಸುತ್ತವೆ. ಮೊದಲು ಮಲಬದ್ಧತೆ, ಆಮೇಲೆ ಹಾಲು ಚೀಪಲು ಶಕ್ತಿ ಸಾಲದಿರುವುದು, ಅಳು ಕ್ಷೀಣಿಸುವುದು, ಕತ್ತು ಜೋಲುವುದು, ಕೊನೆಗೆ ಉಸಿರಿಗೇ ತೊಂದರೆ. ಮನೆಯಲ್ಲಿ ಕುದಿಸಿದರೂ ಆ ಬೀಜಕಣ ಸಾಯುವುದಿಲ್ಲ. ಇದು ಅಪರೂಪದ ಕಾಯಿಲೆ ಎಂಬುದು ನಿಜ, ಆರು ಅಣ್ಣತಮ್ಮಂದಿರಿಗೆ ಬಾರದಿರುವುದೂ ಅದಕ್ಕೇ. ಅತ್ತೆಯವರಿಗೆ ಹೀಗೆ ಹೇಳು: ಮೊದಲ ಹುಟ್ಟುಹಬ್ಬದ ನಂತರ ನಿಮ್ಮ ಕೈಯಿಂದಲೇ ನೆಕ್ಕಿಸಿ, ಅಲ್ಲಿಯವರೆಗೆ ಮಗಳ ತೆಳ್ಳೇವಿಗೆ (ತೆಳು ದೋಸೆಗೆ) ಹಚ್ಚಿ ಕೊಡಿ. ಜೇನು ಕೆಡುವ ವಸ್ತುವಲ್ಲ.

ಶಿರಸಿ ಕಡೆಯವರು, ಟೊರೊಂಟೊ ಸಮೀಪ:
ಅಕ್ಕ, ಬಹಳ ಉಪಕಾರವಾಯಿತು. ಡೇ ಕೇರ್‌ನಲ್ಲಿ ಕೇಳಿದೆ. ಒಂದರಿಂದ ಮೂರೂವರೆಯವರೆಗೆ ಮಲಗಿಸುತ್ತಾರಂತೆ. ಇನ್ನೊಂದು ತೊಡಕಿದೆ. ನಮ್ಮ ಆಯಿ, ಅಪ್ಪಯ್ಯ ಬೆಳಗಿನ ಆಸರಿ ಮುಗಿಸಿ ಏಳು ಗಂಟೆಗೆ ವಿಡಿಯೋ ಕರೆ ಮಾಡುತ್ತಾರೆ. ಇಲ್ಲಿ ಆಗ ರಾತ್ರಿ ಎಂಟೂವರೆ. ಕೊಟ್ಟಿಗೆಯ ಕರು ತೋರಿಸಿದರೆಂದರೆ ಮಗಳ ನಿದ್ರೆ ಹಾರಿಹೋಗುತ್ತದೆ, ಮತ್ತೆ ಒಂದು ಗಂಟೆ ಕುಣಿತ. ಕರೆ ಬೇಡವೆನ್ನಲು ಬಾಯಿ ಬರುವುದಿಲ್ಲ.

ಹೊನ್ನಾವರದವರು, ಒಟ್ಟಾವಾ:
ಬೇಡವೆನ್ನಬೇಕಾಗಿಲ್ಲ, ಹೊತ್ತು ಬದಲಿಸಿದರೆ ಸಾಕು. ನಿನ್ನ ಬೆಳಗಿನ ಏಳೂವರೆ ಈಗ ಅವರ ಸಂಜೆಯ ಆರು. ದೀಪ ಹಚ್ಚುವ ಹೊತ್ತಿಗೆ ಮಾತನಾಡಲಿ, ಕರು ಕಾಣುತ್ತದೆಂದರೆ ಮಗಳು ಬೇಗ ಏಳುವ ಸಾಧ್ಯತೆಯೂ ಇದೆ. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಹೋದಾಗ ಅವರಿಗೆ ಸಂಜೆ ಐದಾಗುತ್ತದೆ, ಅದನ್ನು ಮೊದಲೇ ತಿಳಿಸಿಡು.

ಕುಮಟಾದವರು, ದುಬೈ:
ಹಾಗಾದರೆ ಅದು ಮೊಬೈಲ್ ತೋರಿಸಿದ ಹಾಗಾಗಲಿಲ್ಲವೇ?

ಹೊನ್ನಾವರದವರು, ಒಟ್ಟಾವಾ:
ಇಲ್ಲ. ಎದುರಿಗಿರುವವರು ಕೇಳುತ್ತಾರೆ, ಮಗು ಉತ್ತರಿಸುತ್ತದೆ. ಮಕ್ಕಳ ವೈದ್ಯರೂ ಅಜ್ಜ ಅಜ್ಜಿಯರ ವಿಡಿಯೋ ಕರೆಯನ್ನು ಉಳಿದ ಪರದೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ತಿಂಡಿಯ ತಟ್ಟೆ ಮಾತ್ರ ಕರೆ ಮುಗಿದ ಮೇಲೆ ಬರಲಿ.

ಸಿದ್ದಾಪುರದವರು, ನ್ಯೂಜೆರ್ಸಿ:
ಜೇನಿನ ಕುರಿತು ನನ್ನ ಅಭಿಪ್ರಾಯ ಬದಲಾಗಿಲ್ಲ. ಈ ವಿಷಯಕ್ಕೆ ಪ್ರತ್ಯೇಕವಾಗಿ ದೀರ್ಘ ಲೇಖನವೊಂದನ್ನು ಬರೆಯುತ್ತಿದ್ದೇನೆ.

ಅಂಕೋಲಾದವರು, ಮಿಸ್ಸಿಸಾಗಾ:
ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆಂದು ನನಗೆ ಇಬ್ಬರು ಬೇರೆಯಾಗಿ ಕೇಳಿದ್ದಾರೆ. ಕೇರಳದವರ ಅಂಗಡಿಗಳಲ್ಲಿ ಮಟ್ಟ ಅಕ್ಕಿ ಎಂದು ಕೇಳಿ. ನಮ್ಮ ಅಕ್ಕಿಗಿಂತ ಕಾಳು ದಪ್ಪ, ರಾತ್ರಿಯೇ ನೆನೆಹಾಕಿದರೆ ಕುಕ್ಕರಿನಲ್ಲಿ ಬೇಗ ಬೇಯುತ್ತದೆ.