ಸೋಲ್-ಜೆಲ್ ಬರಹದಲ್ಲಿ ‘ಅಡಿಟಿವ್’‌ಗೆ ಏನನ್ನೋಣ?

ಬಲ್ಲವರಲ್ಲಿ ವಿನಂತಿ, ತುರ್ತು. ಸಿಲಿಕಾ ಕುರಿತ ಲೇಖನವೊಂದರ ಅನುವಾದ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಟೆಟ್ರಾಈಥೈಲ್ ಆರ್ಥೋಸಿಲಿಕೇಟ್ ಎಂಬ ಸಿಲಿಕಾನ್ ಸಂಯುಕ್ತ ನೀರಿನೊಡನೆ ವರ್ತಿಸಿ ಸೋಲ್ (ಅತಿ ಸಣ್ಣ ಕಣಗಳು ತೇಲುವ ದ್ರವ) ಆಗಿ, ಆಮೇಲೆ ಜೆಲ್ (ದ್ರವವನ್ನು ಹಿಡಿದಿಟ್ಟ ಗಟ್ಟಿ ಜಾಲ) ಆಗುತ್ತದಲ್ಲ, ಆಗ ಹಾಕುವ ಅಮೋನಿಯಾ, ಫ್ಲೋರೈಡ್, ಫಾರ್ಮಮೈಡ್ ಎಲ್ಲಕ್ಕೂ ಮೂಲದಲ್ಲಿ ‘ಅಡಿಟಿವ್’ ಎಂದೇ ಇದೆ. ‘ಸಂಕಲನದ್ರವ್ಯ’ ಎಂದರೆ ಲೆಕ್ಕದ ಪುಸ್ತಕ ನೆನಪಾಗುತ್ತದೆ. ‘ಬೆರಕೆ’ ಎಂದರೆ ಕಲಬೆರಕೆಯ ವಾಸನೆ. ಬೇರೆ ಪದ ಉಂಟೇ?

ಮರು:
ಉಂಟು. ಹೆಪ್ಪು. ಚೂರೇ ಚೂರು ಹಾಕಿ ದ್ರವವನ್ನು ಗಟ್ಟಿ ಮಾಡುವ ವಸ್ತುವಿಗೆ ನಮ್ಮಲ್ಲೇ ಹೆಸರಿರುವಾಗ ಸಂಸ್ಕೃತದ ಬಾಗಿಲು ಏಕೆ ತಟ್ಟಬೇಕು? ಜೆಲ್‌ಗೆ ‘ಲೋಳೆ’, ಜೆಲ್ ಆಗುವುದಕ್ಕೆ ‘ಹೆಪ್ಪುಗಟ್ಟು’. ಮುಗಿಯಿತು.

ಮರು:
> ಮುಗಿಯಿತು.
ಇಲ್ಲ. ಅಮೋನಿಯಾ, ಫ್ಲೋರೈಡ್ ಜೆಲ್ ಆಗುವುದನ್ನು ಚುರುಕುಗೊಳಿಸುತ್ತವೆ, ಅವಕ್ಕೆ ಬೇಕಾದರೆ ಹೆಪ್ಪು ಎನ್ನಿ. ಪಠ್ಯಪುಸ್ತಕದ ‘ವೇಗವರ್ಧಕ’ ಇನ್ನೂ ಖಚಿತ. ಆದರೆ ಫಾರ್ಮಮೈಡ್ ಹಾಕುವುದು ಒಣಗುವಾಗ ಬಿರುಕು ಬಿಡದಿರಲಿ ಎಂದು. ರಂಧ್ರಗಳಿಂದ ದ್ರವ ಆವಿಯಾಗುವಾಗ ಕೇಶಾಕರ್ಷಣದ (ಕಿರಿದಾದ ಸಂದಿಯಲ್ಲಿ ದ್ರವ ತನ್ನಷ್ಟಕ್ಕೆ ಏರುವಂತೆ ಮಾಡುವ ಸೆಳೆತದ) ಎಳೆತ ಗೋಡೆಗಳನ್ನು ಒಳಕ್ಕೆ ಸೆಳೆಯುತ್ತದೆ. ರಂಧ್ರ ಕಿರಿದಾದಷ್ಟೂ ಎಳೆತ ಜೋರು. ಅಕ್ಕಪಕ್ಕದ ರಂಧ್ರಗಳ ಅಳತೆ ಬೇರೆಬೇರೆಯಾದರೆ ಎಳೆತವೂ ಬೇರೆಬೇರೆ, ಅಲ್ಲೇ ಸೀಳು. ಫಾರ್ಮಮೈಡ್ ಇದ್ದರೆ ರಂಧ್ರಗಳು ಹಿಗ್ಗಿ, ಹೆಚ್ಚುಕಡಿಮೆ ಒಂದೇ ಅಳತೆಗೆ ಬರುತ್ತವೆ. ಇದರಲ್ಲಿ ಹೆಪ್ಪಿನ ಕೆಲಸ ಎಲ್ಲಿದೆ? ಸರ್ಫ್ಯಾಕ್ಟಂಟ್ (ಸಾಬೂನಿನಂಥ ವಸ್ತು) ಹಾಕಿದರಂತೂ ಅದು ರಂಧ್ರಕ್ಕೆ ಅಚ್ಚಾಗುತ್ತದೆ, ಅದೂ ಹೆಪ್ಪೇ? ‘ಲೋಳೆ’ ಬೇಡವೇ ಬೇಡ. ಒಣಗಿದ ಸಿಲಿಕಾ ಜೆಲ್ ಗಾಜಿನಂತೆ ಒಡೆಯುತ್ತದೆ, ಜಾರುವುದಿಲ್ಲ.

ಮರು:
ಲೋಳೆ ಬಿಟ್ಟೆ. ಆದರೆ ವೇಗವರ್ಧಕ, ಕೇಶಾಕರ್ಷಣ! ಓದುವ ಹುಡುಗರಿಗೆ ಇಂಗ್ಲಿಷೂ ಹೊರೆ, ಇವೂ ಹೊರೆ. ಎರವಲನ್ನು ಎರವಲಿನಿಂದ ಬದಲಿಸಿದರೆ ಕನ್ನಡಕ್ಕೇನು ಬಂತು?

ಮರು:
ಎರವಲಿಗೆ ಇಷ್ಟು ಸಿಟ್ಟೇಕೆ? 1861ರಲ್ಲಿ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ, ಸೋಲ್ ಜೆಲ್‌ಗಳೆರಡೂ ಸೇರುವ ಗುಂಪಿಗೆ ‘ಕೊಲಾಯ್ಡ್’ ಎಂದು ಹೆಸರಿಟ್ಟಾಗ ಗ್ರೀಕರ ಅಂಟಿನ ಪದವನ್ನೇ ಎತ್ತಿಕೊಂಡ. ‘ಜೆಲ್’ ಎಂಬುದು ಜೆಲಟಿನ್‌ನ ತುಂಡು. ಆ ಎರಡಕ್ಷರ ಕನ್ನಡದ ಬಾಯಿಗೆ ಆಗಲೇ ಹೊಂದಿಕೊಂಡಿವೆ, ‘ಜೆಲ್ಲಾಯಿತು’ ಎಂದರೂ ಅರ್ಥವಾಗುತ್ತದೆ. ಸೋಲ್, ಜೆಲ್ ಹಾಗೇ ಇರಲಿ.

ಕೇಳಿದವರಿಗೆ: ಒಟ್ಟು ಹೆಸರಾಗಿ ‘ಸೇರಿಕೆ’ ಬಳಸಿ. ಏನು ಮಾಡುತ್ತದೆಂದು ಅದು ಮೊದಲೇ ತೀರ್ಮಾನಿಸುವುದಿಲ್ಲ, ಹಿಂದೆ ವಿಶೇಷಣ ಹಚ್ಚಲೂ ಬರುತ್ತದೆ: ಫಾರ್ಮಮೈಡ್‌ಗೆ ‘ಒಣಗುವಿಕೆ ಹತೋಟಿಯ ಸೇರಿಕೆ’, ಸರ್ಫ್ಯಾಕ್ಟಂಟ್‌ಗೆ ‘ರಂಧ್ರ ರೂಪಿಸುವ ಸೇರಿಕೆ’. ಅಮೋನಿಯಾ, ಫ್ಲೋರೈಡ್ ಬಂದ ಕಡೆ ಮಾತ್ರ ವೇಗವರ್ಧಕ ಎಂದೇ ಬರೆಯಿರಿ.

ಮರು:
ಸೇರಿಕೆ ಒಪ್ಪಿದೆ. ವೇಗವರ್ಧಕ ಒಪ್ಪಿಲ್ಲ.