ಇಂಗ್ಲೆಂಡಿನಲ್ಲಿ ಗೇಮ್ ಪ್ರೋಗ್ರಾಮಿಂಗ್: ಸಂಬಳದ ಪ್ಲೇಸ್‌ಮೆಂಟ್ ವರ್ಷವನ್ನು ನಂಬಿ ಲೋನ್ ಮಾಡಬಹುದಾ?

ಮಂಡ್ಯ_ಪಿಸಿಎಂಸಿ:
ದ್ವಿತೀಯ ಪಿಯುಸಿ ಮುಗೀತಾ ಇದೆ. ಬಿಎಸ್ಸಿ ಗೇಮ್ಸ್ ಪ್ರೋಗ್ರಾಮಿಂಗ್‌ಗೆ ಇಂಗ್ಲೆಂಡಿನ ಎರಡು ಯೂನಿವರ್ಸಿಟಿ ನೋಡಿಟ್ಟಿದ್ದೇನೆ. ಎರಡರಲ್ಲೂ ಮೂರನೇ ವರ್ಷ ಪೂರ್ತಿ ಸ್ಟುಡಿಯೋದಲ್ಲಿ ಸಂಬಳದ ಕೆಲಸ (ಇದೇ ಪ್ಲೇಸ್‌ಮೆಂಟ್ ವರ್ಷ), ನಾಲ್ಕನೇ ವರ್ಷ ಮತ್ತೆ ಕ್ಲಾಸು. ಆ ಸಂಬಳದಲ್ಲೇ ಕೊನೇ ವರ್ಷದ ಫೀಸ್ ಹುಟ್ಟುತ್ತೆ ಅಂತ ಏಜೆಂಟ್ ಹೇಳ್ತಿದ್ದಾರೆ. ನಿಜಾನಾ? ಹೋಗೋ ಮುಂಚೆ ಏನು ಕಲಿತಿರಬೇಕು?

ಕೋಡುಬಳೆ:
ಲೋನ್ ಲೆಕ್ಕದಿಂದ ಆ ಸಂಬಳವನ್ನು ಮೊದಲು ತೆಗೆದುಹಾಕಿ. ಪ್ಲೇಸ್‌ಮೆಂಟನ್ನು ಯೂನಿವರ್ಸಿಟಿ ಕೊಡುವುದಿಲ್ಲ, ನೀವೇ ಅರ್ಜಿ ಹಾಕಿ, ಇಂಟರ್‌ವ್ಯೂ ಗೆದ್ದು ಗಿಟ್ಟಿಸಬೇಕು. ಸಿಗದಿದ್ದವರು ಮೂರು ವರ್ಷದ ಕೋರ್ಸಿಗೆ ಬದಲಾಗುತ್ತಾರೆ, ಅಷ್ಟೇ.

ಸಿಕ್ಕಿತು, ವರ್ಷಕ್ಕೆ 20,000 ಪೌಂಡ್ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಹೊರಳುತ್ತದೆ. ಸೆಪ್ಟೆಂಬರಿನಿಂದ ಆಗಸ್ಟ್‌ವರೆಗಿನ ಸಂಬಳ ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ಬೇರೆ ದುಡಿಮೆ ಇಲ್ಲದಿದ್ದರೆ ಎರಡೂ ತುಂಡು 12,570 ಪೌಂಡಿನ ವಿನಾಯಿತಿಯೊಳಗೇ ಇರುತ್ತವೆ. ಆದರೂ ವರ್ಷಪೂರ್ತಿ ದುಡಿಯುತ್ತೀರಿ ಅಂತ ಹಿಡಿದು ಏಪ್ರಿಲ್‌ನಿಂದ ತಿಂಗಳಿಗೆ ಸುಮಾರು 124 ಪೌಂಡ್ ಮುರಿದುಕೊಳ್ಳುತ್ತಾರೆ, ಕೆಲಸ ಬಿಟ್ಟ ಮೇಲೆ ಅದನ್ನು ಕೇಳಿ ವಾಪಸ್ ಪಡೆಯಬೇಕು. ಎಷ್ಟೋ ಜನ ಕೇಳುವುದೇ ಇಲ್ಲ. ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಕಡಿಯುವ ಅಲ್ಲಿನ ಸಾಮಾಜಿಕ ವಿಮೆ) ಮಾತ್ರ ತಿಂಗಳ ಲೆಕ್ಕ: ಸುಮಾರು 50 ಪೌಂಡ್ ಹೋದದ್ದು ಹೋಯಿತು. ಕೈಗೆ ಬರುವ ಸಾವಿರದ ಆರುನೂರು ಚಿಲ್ಲರೆಯಲ್ಲಿ ಬಾಡಿಗೆ, ಊಟ, ಓಡಾಟ ಕಳೆಯಿರಿ. ಇಂಟರ್‌ನ್ಯಾಷನಲ್ ವಿದ್ಯಾರ್ಥಿಯ ಒಂದು ವರ್ಷದ ಫೀಸು ಅದರಲ್ಲಿ ಹುಟ್ಟುವ ಮಾತೇ ಇಲ್ಲ.

ಇನ್ನೊಂದು: ಕೋರ್ಸಿನ ಭಾಗವಾದ, ಒಂದು ವರ್ಷ ಮೀರದ ಪ್ಲೇಸ್‌ಮೆಂಟಿಗೆ ಅಲ್ಲಿನ ಕನಿಷ್ಠ ವೇತನ ಕಾನೂನು ಅನ್ವಯಿಸುವುದಿಲ್ಲ. ಸಂಬಳ ಎಷ್ಟು ಅಂತ ಬರಹದಲ್ಲಿ ಕೇಳಿ. ಪ್ಲೇಸ್‌ಮೆಂಟ್ ವರ್ಷಕ್ಕೂ ಯೂನಿವರ್ಸಿಟಿ ಒಂದಷ್ಟು ಫೀಸ್ ಹಾಕುತ್ತದಾ ಅನ್ನುವುದನ್ನೂ.

ತುಂಗಾತೀರ:
ವೀಸಾ ಕಡೆಯಿಂದ ಎರಡು ಮಾತು. ಪ್ಲೇಸ್‌ಮೆಂಟ್ ಸೇರಿದ ನಾಲ್ಕು ವರ್ಷದ ಕೋರ್ಸಿಗೇ ಕ್ಯಾಸ್ ಪತ್ರ (ವೀಸಾ ಅರ್ಜಿಗೆ ಯೂನಿವರ್ಸಿಟಿ ಕೊಡುವ ಪ್ರವೇಶದ ದೃಢೀಕರಣ) ಬರಲಿ. ಮೂರು ವರ್ಷದ್ದಕ್ಕೆ ಹೋಗಿ ಆಮೇಲೆ ಸೇರಿಸಿಕೊಂಡರೆ ವೀಸಾ ವಿಸ್ತರಣೆಗೆ ಮತ್ತೆ ಅರ್ಜಿ, ಮತ್ತೆ ದುಡ್ಡು. ಪ್ಲೇಸ್‌ಮೆಂಟ್ ವರ್ಷದಲ್ಲಿ ಫುಲ್‌ಟೈಮ್ ಕೆಲಸಕ್ಕೆ ಅಡ್ಡಿಯಿಲ್ಲ. ಉಳಿದಂತೆ ಟರ್ಮ್ ನಡೆಯುವಾಗ ಡಿಗ್ರಿ ವಿದ್ಯಾರ್ಥಿಗೆ ವಾರಕ್ಕೆ 20 ಗಂಟೆ, ಸೋಮವಾರದಿಂದ ಭಾನುವಾರಕ್ಕೆ ಎಣಿಕೆ. ಈ ವಾರ 10 ಮಾಡಿದೆ, ಮುಂದಿನ ವಾರ 30 ಮಾಡ್ತೀನಿ ಅಂದರೆ ನಡೆಯಲ್ಲ.

ಗೇಮ್ ಹುಡುಗರು ಎಡವುವುದು ಇಲ್ಲಿ: ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯವಹಾರ, ಫ್ರೀಲಾನ್ಸ್ ಎರಡೂ ನಿಷಿದ್ಧ. ನಿಮ್ಮ ಗೇಮನ್ನು ಪುಕ್ಕಟೆ ಹಾಕಿ ತೋರಿಸಿ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬೆಲೆ ಕಟ್ಟಿ ಮಾರುವ ಮೊದಲು ಯೂನಿವರ್ಸಿಟಿಯ ವೀಸಾ ಆಫೀಸಿನಲ್ಲಿ ಕೇಳಿ.

ಫ್ರೇಮ್_ಬೀಳ್ತಿದೆ:
ಕಲಿಯಬೇಕಾದ್ದು ಸಿ ಪ್ಲಸ್ ಪ್ಲಸ್, ವೆಕ್ಟರ್ ಗಣಿತ, ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ). ಪ್ಲೇಸ್‌ಮೆಂಟ್ ಅರ್ಜಿಗಳು ಎರಡನೇ ವರ್ಷದ ಶುರುವಿನಲ್ಲೇ ತೆರೆಯುತ್ತವೆ, ಅಂದರೆ ಮೊದಲ ವರ್ಷದ ಬೇಸಿಗೆ ರಜೆಗೆ ತೋರಿಸುವಂಥದ್ದು ಕೈಲಿರಬೇಕು. ಅರ್ಧಂಬರ್ಧ ಹತ್ತು ಗೇಮ್ ಬೇಡ. ಎಂಜಿನ್ (ಗೇಮ್ ಕಟ್ಟಲು ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್) ಇಲ್ಲದೆ, ಎಸ್‌ಡಿಎಲ್‌ನಂಥ ಲೈಬ್ರರಿಯಲ್ಲಿ ಬರೆದ ಒಂದು ಚಿಕ್ಕದು, ಯೂನಿಟಿ ಅಥವಾ ಅನ್‌ರಿಯಲ್ ಎಂಜಿನ್‌ನಲ್ಲಿ ತಂಡವಾಗಿ ಮಾಡಿದ್ದು ಇನ್ನೊಂದು. ಸಾಕು.

ಪರೀಕ್ಷಿಸುವವರು ಮೊದಲು ಹುಡುಕುವ ತಪ್ಪು ಫ್ರೇಮ್‌ಗೆ ಕಟ್ಟಿಹಾಕಿದ ಚಲನೆ. ಪ್ರತಿ ಫ್ರೇಮ್ 5 ಪಿಕ್ಸೆಲ್ ಸರಿಸಿದರೆ 60 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 300, 144ರಲ್ಲಿ 720. ಡೆಲ್ಟಾ ಟೈಮ್‌ನಿಂದ (ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ) ಗುಣಿಸಿದರೆ ನೇರ ಓಟ ಸರಿಹೋಗುತ್ತದೆ, ಜಿಗಿತ ಪೂರ್ತಿ ಸರಿಹೋಗಲ್ಲ. ವೇಗವೇ ಬದಲಾಗುತ್ತಿರುವುದರಿಂದ ಫ್ರೇಮ್ ದರ ಬದಲಾದಂತೆ ಜಿಗಿತದ ಎತ್ತರ ಸ್ವಲ್ಪ ಸ್ವಲ್ಪ ತಪ್ಪುತ್ತದೆ. ಫಿಸಿಕ್ಸನ್ನು 1/60 ಸೆಕೆಂಡಿನ ಸ್ಥಿರ ಹೆಜ್ಜೆಯಲ್ಲಿ ಓಡಿಸಿ, ಕಳೆದ ಸಮಯವನ್ನು ಒಂದು ವೇರಿಯಬಲ್‌ನಲ್ಲಿ ಕೂಡಿಟ್ಟು, ಹೆಜ್ಜೆಯಷ್ಟು ಆದಾಗೆಲ್ಲ ಒಮ್ಮೆ ಲೆಕ್ಕ ಮಾಡಿ. ಒಂದು ಫ್ರೇಮ್‌ಗೆ ಕೂಡಿಡುವ ಸಮಯಕ್ಕೆ 0.25 ಸೆಕೆಂಡ್ ಮಿತಿ ಹಾಕಲು ಮರೆಯಬೇಡಿ. ಹಾಕದಿದ್ದರೆ ಒಮ್ಮೆ ಗೇಮ್ ಗಕ್ಕನೆ ನಿಂತಾಗ ಬಾಕಿ ಹೆಜ್ಜೆ ರಾಶಿ ಬಿದ್ದು, ಅದನ್ನು ತೀರಿಸುವಷ್ಟರಲ್ಲಿ ಇನ್ನಷ್ಟು ಬಾಕಿಯಾಗಿ ಗೇಮ್ ಏಳದೇ ಹೋಗಬಹುದು.

ಯೂನಿಟಿಯಲ್ಲಿ ಫಿಕ್ಸೆಡ್‌ಅಪ್‌ಡೇಟ್ (ಸ್ಥಿರ ಹೆಜ್ಜೆಯಲ್ಲಿ ಓಡುವ ಫಂಕ್ಷನ್) ಮೊದಲಿಗೇ 0.02 ಸೆಕೆಂಡ್ ಇರುತ್ತದೆ. ಜಿಗಿತದ ಕೀ ಒತ್ತಿದ್ದನ್ನು ಅದರೊಳಗೆ ಓದಬೇಡಿ, ಕೆಲವು ಒತ್ತು ಕಳೆದುಹೋಗುತ್ತವೆ. ಪ್ರತಿ ಫ್ರೇಮ್ ಓಡುವ ಅಪ್‌ಡೇಟ್‌ನಲ್ಲಿ ಹಿಡಿದಿಟ್ಟು ಫಿಕ್ಸೆಡ್‌ಅಪ್‌ಡೇಟ್‌ನಲ್ಲಿ ಬಳಸಿ.

ಮಂಡ್ಯ_ಪಿಸಿಎಂಸಿ:
ತುಂಬಾ ಥ್ಯಾಂಕ್ಸ್. ಅಪ್ಪನಿಗೂ ಓದಿ ಹೇಳ್ತೀನಿ. ಕೋಡನ್ನು ಗಿಟ್‌ಹಬ್‌ಗೆ ಹಾಕಿದರೆ ಸಾಕಾ, ವಿಡಿಯೋನೂ ಬೇಕಾ?

ಫ್ರೇಮ್_ಬೀಳ್ತಿದೆ:
ಎರಡೂ. ವಿಡಿಯೋ ಒಂದೂವರೆ ನಿಮಿಷ ಮೀರದಿರಲಿ, ಲೋಗೋ ಕುಣಿಸದೆ ಮೊದಲ ಸೆಕೆಂಡಿನಿಂದಲೇ ಆಟ ತೋರಿಸಿ. ತಂಡದ ಗೇಮ್ ಆದರೆ ನೀವು ಬರೆದದ್ದು ಯಾವುದು ಅಂತ ಪರದೆ ಮೇಲೇ ಹಾಕಿ.

ಗಿಟ್‌ಹಬ್ 100 ಎಂಬಿ ಮೀರಿದ ಫೈಲ್ ತಗೊಳ್ಳಲ್ಲ, ದೊಡ್ಡದಕ್ಕೆ ಎಲ್‌ಎಫ್‌ಎಸ್ (ದೊಡ್ಡ ಫೈಲ್‌ಗಳಿಗಾಗಿಯೇ ಇರುವ ಗಿಟ್‌ನ ಸೌಲಭ್ಯ). ಯೂನಿಟಿಯ ಲೈಬ್ರರಿ ಫೋಲ್ಡರ್, ಅನ್‌ರಿಯಲ್‌ನ ಇಂಟರ್‌ಮೀಡಿಯೆಟ್, ಸೇವ್ಡ್ ಫೋಲ್ಡರ್‌ಗಳನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಬಿಟ್ಟುಬಿಡಬೇಕಾದವುಗಳ ಪಟ್ಟಿ) ಮೊದಲ ದಿನವೇ ಸೇರಿಸಿ, ಒಮ್ಮೆ ಇತಿಹಾಸಕ್ಕೆ ಸೇರಿದರೆ ಕಿತ್ತುಹಾಕುವುದು ರಗಳೆ. ಆಮೇಲೆ ಗೆಳೆಯರ ಕಂಪ್ಯೂಟರ್‌ನಲ್ಲಿ ಕ್ಲೋನ್ ಮಾಡಿ, ನಿಮ್ಮ ರೀಡ್‌ಮಿ ಒಂದನ್ನೇ ನೋಡಿಕೊಂಡು ಅವರು ಬಿಲ್ಡ್ ಮಾಡಲಿ. ನೀವು ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ.