ದೊಡ್ಡ ದುಃಖ ತಡೆದುಕೊಂಡವರು ನಲ್ಲಿ ತೊಟ್ಟಿಕ್ಕಿದರೆ ಅಳುವುದೇಕೆ? ಮೊದಲು ಯಾವುದನ್ನು ಸರಿಮಾಡಬೇಕು?

ಪ್ರಶ್ನೆ: ಕಿಟಕಿಪಕ್ಕ

ಸಾವಾದ ಮನೆ. ದೊಡ್ಡ ಸಂಗತಿಗಳನ್ನೆಲ್ಲ ಮನೆಯವರು ಹೇಗೋ ಸಂಭಾಳಿಸುತ್ತಿದ್ದಾರೆ: ಬಂದುಹೋಗುವವರು, ಕಾಗದಪತ್ರ, ಸಹಿ. ಚಿಲ್ಲರೆ ತಾಪತ್ರಯ ಎದುರಾದಾಗ ಮಾತ್ರ ಕುಸಿಯುತ್ತಾರೆ. ಸದ್ಯ ಇರುವುದು ನಾಲ್ಕು.

ಬಚ್ಚಲ ನಲ್ಲಿ ಎಷ್ಟು ಬಿಗಿದರೂ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಬೀರುವಿನ ಬೀಗದ ಕೈ ಒಳಗೇ ಮುರಿದು ಕೂತಿದೆ, ಬೇಕಾದ ಕಾಗದವೆಲ್ಲ ಅದರಲ್ಲೇ ಇದೆ. ತೀರಿಕೊಂಡವರ ಫೋನಿನ ಅಲಾರಂ ದಿನಾ ಬೆಳಿಗ್ಗೆ ಐದೂವರೆಗೆ ಹೊಡೆದುಕೊಳ್ಳುತ್ತದೆ, ಪಾಸ್‌ಕೋಡ್ ಯಾರಿಗೂ ಗೊತ್ತಿಲ್ಲ. ದಿನಬಳಕೆಯ ಚೀಲದ ಜಿಪ್ ಎಳೆದ ಹಿಂದೆಯೇ ಬಾಯಿ ಬಿಡುತ್ತದೆ.

ಯಾವುದರಿಂದ ಶುರು ಮಾಡಬೇಕು, ಯಾವುದನ್ನು ಮುಟ್ಟಬಾರದು? ಇನ್ನೊಂದು: "ಅಂಥ ದಿನವೇ ಗಟ್ಟಿಯಾಗಿದ್ದವರು ಒಂದು ಜಿಪ್ಪಿಗೆ ಅಳ್ತಾರಾ" ಅಂತ ಮನೆಯವರೇ ಒಬ್ಬರಿಗೊಬ್ಬರು ಅಂದುಕೊಳ್ಳುತ್ತಿದ್ದಾರೆ. ಇದು ಸಹಜವೋ ಅಲ್ಲವೋ, ತಿಳಿದವರು ಹೇಳಿ.

ಉತ್ತರ 1: ಪಾನ-ಇಕ್ಕಳ

ಅಳುವಿನ ಮಾತು ಬಲ್ಲವರು ಹೇಳಲಿ, ನಾನು ನಲ್ಲಿ ಮತ್ತು ಬೀಗದ ಮಾತಾಡುತ್ತೇನೆ.

ನಲ್ಲಿಯನ್ನು ಬಲವಾಗಿ ಬಿಗಿಯುವುದನ್ನು ಇವತ್ತೇ ನಿಲ್ಲಿಸಿ. ಒಳಗಿರುವ ರಬ್ಬರ್ ವಾಷರ್ ಹಿತ್ತಾಳೆಯ ಸೀಟಿನ ಮೇಲೆ ಕೂತು ನೀರು ತಡೆಯುತ್ತದೆ. ಬಿಗಿದಷ್ಟೂ ಸೀಟಿನ ಅಂಚು ರಬ್ಬರಿಗೆ ಇಳಿದು ಗೀರು ಆಳವಾಗುತ್ತದೆ, ನಾಳೆ ಇನ್ನೂ ಬಿಗಿಯಬೇಕಾಗುತ್ತದೆ. ಸೆಕೆಂಡಿಗೊಂದು ಹನಿ, ಹನಿಗೆ ಕಾಲು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 21 ಲೀಟರಿಗಿಂತ ಹೆಚ್ಚು ನೀರು ಹೋಗುತ್ತದೆ. ಆದರೆ ಈಗ ನಿಮಗೆ ಮುಖ್ಯ ನೀರಲ್ಲ, ಸದ್ದು. ಇವತ್ತು ರಾತ್ರಿಯ ಮಟ್ಟಿಗೆ ನಲ್ಲಿಯ ಬಾಯಿಗೆ ಒಂದು ಹತ್ತಿ ದಾರ ಕಟ್ಟಿ, ತುದಿ ಕೆಳಗಿನ ಜಾಲರಿ ಮುಟ್ಟುವಷ್ಟು ಇಳಿಬಿಡಿ. ಹನಿ ದಾರದ ಗುಂಟ ಜಾರಿಹೋಗುತ್ತದೆ, ಟಪ್ ಎನ್ನುವುದಿಲ್ಲ. ಮನೆಯವರು ನಿದ್ದೆ ಮಾಡಲಿ, ರಿಪೇರಿ ಹಗಲಿಗಿರಲಿ.

ಹಗಲಲ್ಲಿ: ಆ ನಲ್ಲಿಗೆ ಬರುವ ವಾಲ್ವ್ ಮುಚ್ಚಿ. ಅದಿಲ್ಲದಿದ್ದರೆ ಟ್ಯಾಂಕಿನ ಗೇಟ್ ವಾಲ್ವ್. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಹೋಗಲು ಬಿಡಿ. ಕೆಳಗಿನ ತೂತಿಗೆ ಬಟ್ಟೆ ತುರುಕಿ. ಸ್ಕ್ರೂ ಕೈಜಾರಿ ಮೋರಿಗೆ ಹೋಗುವುದು ಈ ಕೆಲಸದ ಮಾಮೂಲಿ ಅವಾಂತರ, ಈಗಿನ ಮನಸ್ಥಿತಿಯಲ್ಲಿ ಅದು ಬೇಡವೇ ಬೇಡ. ಹಿಡಿಯ ಮೇಲಿನ ಸಣ್ಣ ಮುಚ್ಚಳ ಎಬ್ಬಿಸಿ ಸ್ಕ್ರೂ ಬಿಚ್ಚಿ ಹಿಡಿ ತೆಗೆಯಿರಿ. ಕೆಳಗಿನ ದೊಡ್ಡ ನಟ್ಟಿಗೆ ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ, ಇನ್ನೊಂದು ಕೈಯಲ್ಲಿ ನಲ್ಲಿಯ ಮೈ ಗಟ್ಟಿಯಾಗಿ ಹಿಡಿದು ತಿರುಗಿಸಿ. ಹಿಡಿಯದೆ ತಿರುಗಿಸಿದರೆ ಗೋಡೆಯೊಳಗಿನ ಜೋಡಣೆ ಸಡಿಲವಾಗಿ ಚಿಲ್ಲರೆ ಕೆಲಸ ದೊಡ್ಡದಾಗುತ್ತದೆ. ಸ್ಪಿಂಡಲ್, ಅಂದರೆ ಒಳಗಿನ ತಿರುಗುವ ಕಡ್ಡಿ, ಹೊರಬಂದರೆ ಅದರ ತುದಿಯಲ್ಲೇ ವಾಷರ್ ಇರುತ್ತದೆ. ಹಳೆಯದನ್ನು ಎಸೆಯದೆ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಹೊಸದು ಹಾಕುವ ಮುನ್ನ ಒಳಗಿನ ಸೀಟಿನ ಅಂಚಿಗೆ ಬೆರಳು ಆಡಿಸಿ. ನುಣುಪಾಗಿದ್ದರೆ ಸರಿ. ಕಚ್ಚು ಬಿದ್ದಿದ್ದರೆ ಹೊಸ ವಾಷರ್ ಕೂಡ ಬೇಗ ಹರಿಯುತ್ತದೆ, ಸೀಟ್ ಉಜ್ಜಿಸಬೇಕು ಅಥವಾ ನಲ್ಲಿಯನ್ನೇ ಬದಲಿಸಬೇಕು.

ಇದೆಲ್ಲ ಹಲವು ಸುತ್ತು ತಿರುಗಿಸುವ ನಲ್ಲಿಯ ಕಥೆ. ಕಾಲು ಸುತ್ತಿಗೇ ಪೂರ್ತಿ ತೆರೆದುಕೊಳ್ಳುವಂಥದ್ದಾದರೆ ಒಳಗಿರುವುದು ಸೆರಾಮಿಕ್ ಕಾರ್ಟ್ರಿಡ್ಜ್. ಅದಕ್ಕೆ ಈ ವಾಷರ್ ಆಗುವುದಿಲ್ಲ, ಅದನ್ನೇ ಬದಲಿಸಬೇಕು. ನಿಮ್ಮದು ಯಾವುದು ಹೇಳಿ.

ಬೀಗಕ್ಕೆ ಎಣ್ಣೆ ಬಿಡಬೇಡಿ, ಇನ್ನೊಂದು ಕೀ ತುರುಕಬೇಡಿ. ಎಲ್ಲಕ್ಕಿಂತ ಮುಖ್ಯ, ಮುರಿದ ಅರ್ಧಕ್ಕೆ ಫೆವಿಕ್ವಿಕ್ ಹಚ್ಚಿ ಒಳಗಿನದಕ್ಕೆ ಅಂಟಿಸುವ ಸಾಹಸ ಬೇಡ. ಆ ಅಂಟು ತೆಳ್ಳಗೆ ಹರಿದು ಪಿನ್ನುಗಳನ್ನು ಹಿಡಿದುಬಿಟ್ಟರೆ ಬೀಗ ಒಡೆಯುವುದೊಂದೇ ದಾರಿ. ಮೊದಲು ರಂಧ್ರ ಯಾವ ನೇರದಲ್ಲಿದೆ ನೋಡಿ. ಅರ್ಧ ತಿರುಗಿದಾಗ ಮುರಿದಿದ್ದರೆ ಒಳಗಿನ ಪಿನ್ನುಗಳು ತುಂಡನ್ನು ಬಿಡುವುದಿಲ್ಲ. ತೆಳು ಸ್ಕ್ರೂಡ್ರೈವರಿನಿಂದ ಅದನ್ನು ಕೀ ಹಾಕಿ ತೆಗೆಯುವ ನೇರಕ್ಕೆ ತನ್ನಿ. ತುದಿ ಹೊರಗೆ ಕಂಡರೆ ನೋಸ್ ಪ್ಲೈಯರ್ ಸಾಕು. ಕಾಣದಿದ್ದರೆ ಸೂಕ್ಷ್ಮ ಮರಗೆಲಸದ ತೆಳು ಗರಗಸದ ಬ್ಲೇಡು ತನ್ನಿ, ಹಲ್ಲುಗಳು ನಿಮ್ಮ ಕಡೆಗೆ ಬಾಗಿರುವಂತೆ ಹಿಡಿದು, ಕೀಯ ಕಚ್ಚುಗಳಿರುವ ಬದಿಯಿಂದ ಒಳಗೆ ಜಾರಿಸಿ, ತುಸು ಓರೆ ಮಾಡಿ ಮೆಲ್ಲಗೆ ಎಳೆಯಿರಿ. ಜಗ್ಗಿದರೆ ಬ್ಲೇಡೂ ಒಳಗೇ ಮುರಿಯುತ್ತದೆ. ಐದಾರು ಸಲಕ್ಕೆ ಬರದಿದ್ದರೆ ಬೀಗದವರನ್ನು ಕರೆಯಿರಿ. ಎರಡೂ ತುಂಡು ಎತ್ತಿಡಿ, ಸೇರಿಸಿಟ್ಟು ಹೊಸ ಕೀ ಕತ್ತರಿಸಬಹುದು. ಬೀಗದ ಮುಖದ ಮೇಲೆ ಸಂಖ್ಯೆ ಕೊರೆದಿದ್ದರೆ ಅದರಿಂದ ಮಾಡಿಸಿದ ಕೀ ಇನ್ನೂ ಒಳ್ಳೆಯದು, ಸವೆದದ್ದರ ನಕಲು ಸವೆದೇ ಹುಟ್ಟುತ್ತದೆ.

ಉತ್ತರ 2: ಬ್ಯಾಕಪ್ ಮೊದಲು

ನಾಲ್ಕರಲ್ಲಿ ಅವಸರದ್ದು ಫೋನು. ಹಾಗೆಯೇ, ಅವಸರಪಟ್ಟರೆ ಮತ್ತೆ ಸಿಗದಂತೆ ಕಳೆದುಹೋಗುವುದೂ ಅದೊಂದೇ. ನಲ್ಲಿ ಕೆಟ್ಟರೆ ಇನ್ನೊಂದು ನಲ್ಲಿ. ಫೋನಿನಲ್ಲಿರುವ ದನಿಗೆ ಇನ್ನೊಂದಿಲ್ಲ.

ಪಾಸ್‌ಕೋಡ್ ಊಹಿಸಿ ಒತ್ತುವುದು ಬೇಡ. ಐಫೋನಿನಲ್ಲಿ ಕೆಲವು ತಪ್ಪುಗಳ ನಂತರ ಕಾಯುವ ಹೊತ್ತು ಬೆಳೆಯುತ್ತಾ ಹೋಗುತ್ತದೆ. ಅಳಿಸುವ ಆಯ್ಕೆ ಮೊದಲೇ ಹಾಕಿಟ್ಟಿದ್ದರೆ ಹತ್ತನೇ ತಪ್ಪಿಗೆ ಇಡೀ ಫೋನ್ ಖಾಲಿ. ಅಲಾರಂ ಕಾಟಕ್ಕೆ ಫೋನ್ ಆಫ್ ಮಾಡುವುದೂ ಈಗಲೇ ಬೇಡ. ಮತ್ತೆ ಆನ್ ಮಾಡಿದಾಗ ಪಾಸ್‌ಕೋಡ್ ಒಮ್ಮೆ ಕೊಡುವ ತನಕ ಒಳಗಿನ ಮಾಹಿತಿ ಬೀಗ ಹಾಕಿದ ಸ್ಥಿತಿಯಲ್ಲೇ ಇರುತ್ತದೆ. ಐಫೋನಿನಲ್ಲಿ ಆಗ ಕರೆ ಬಂದರೂ ಹೆಸರು ಕಾಣದು, ಸಂಖ್ಯೆ ಮಾತ್ರ. ಸಿಮ್ಮಿಗೆ ಪಿನ್ ಹಾಕಿದ್ದರೆ ಅದನ್ನೂ ಕೇಳುತ್ತದೆ. ಸಾಲದ್ದಕ್ಕೆ, ಕೆಲವು ಆಂಡ್ರಾಯ್ಡ್‌ಗಳಲ್ಲಿ ರೀಸ್ಟಾರ್ಟ್ ಆದಮೇಲೂ ಅಲಾರಂ ಹೊಡೆಯುತ್ತದೆ.

ಸದ್ಯಕ್ಕೆ ಚಾರ್ಜಿಗೆ ಹಾಕಿ, ಯಾರೂ ಮಲಗದ ಕೋಣೆಯಲ್ಲಿ ಬಾಗಿಲು ಮುಚ್ಚಿ ಇಡಿ. ಚಾರ್ಜಿನಲ್ಲಿರುವ ಫೋನನ್ನು ಬಟ್ಟೆಯಲ್ಲಿ ಸುತ್ತಬೇಡಿ, ಬಿಸಿಯಾಗುತ್ತದೆ. ಹೊಡೆದಾಗ ಬದಿಯ ಗುಂಡಿ ಒತ್ತಿದರೆ ಅದು ನಿಂತಂತೆ ಕಂಡರೂ ಸ್ನೂಜ್ ಆಗಿರುತ್ತದೆ, ಐಫೋನಿನಲ್ಲಿ ಮಾಮೂಲಿಯಾಗಿ 9 ನಿಮಿಷಕ್ಕೆ ಮತ್ತೆ ಶುರು. ಪರದೆಯ ಮೇಲಿನ ನಿಲ್ಲಿಸುವ ಗುಂಡಿಯನ್ನೇ ಬಳಸಿ.

ಈಗ ಅವಸರದ ಭಾಗ. ಅವರ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದೇ ಇದೆಯಾ ನೋಡಿ. ಮೂಲ ಫೋನಿನಲ್ಲಿ 14 ದಿನ ವಾಟ್ಸ್‌ಆ್ಯಪ್ ಬಳಸದಿದ್ದರೆ ಅಂಥ ಜೋಡಣೆ ತಾನಾಗಿ ಕಡಿದುಹೋಗುತ್ತದೆ. ಅಷ್ಟರೊಳಗೆ ಫೋಟೋ, ದನಿಸಂದೇಶ ಇಳಿಸಿಕೊಳ್ಳಿ. 120 ದಿನ ಬಳಕೆಯಿಲ್ಲದ ವಾಟ್ಸ್‌ಆ್ಯಪ್ ಖಾತೆಯನ್ನು ಸಾಮಾನ್ಯವಾಗಿ ಅಳಿಸುತ್ತಾರೆ. ಅವರು ನಿಮಗೆ ಕಳಿಸಿದ ದನಿ ನಿಮ್ಮ ಫೋನಿನಲ್ಲೇ ಇದೆ ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಆಂಡ್ರಾಯ್ಡಿನಲ್ಲಿ ವಾಟ್ಸ್‌ಆ್ಯಪ್‌ನ ಮೀಡಿಯಾ ಫೋಲ್ಡರಿನೊಳಗೆ ವಾಯ್ಸ್ ನೋಟ್ಸ್ ಎಂಬುದಿದೆ, ಕಡತಗಳು ಓಪಸ್ ಮಾದರಿಯಲ್ಲಿರುತ್ತವೆ. ಎರಡು ಬೇರೆ ಜಾಗಕ್ಕೆ ನಕಲು ಮಾಡಿಡಿ. ಕೇಳುವುದು ಯಾವಾಗಾದರೂ ಆಗಲಿ, ಎತ್ತಿಡುವುದು ಈಗ. ಬೇರೆಯವರೊಡನೆ ಅವರಾಡಿದ ಮಾತನ್ನು ತೆರೆದು ಓದುವುದು ಬೇರೆಯೇ ವಿಷಯ, ಅದಕ್ಕೆ ಅವಸರವೇನೂ ಇಲ್ಲ.

ಸಿಮ್ ಬೇಗ ರದ್ದು ಮಾಡಿಸಬೇಡಿ. ಬ್ಯಾಂಕಿನದು, ಇಮೇಲಿನದು, ಎಲ್ಲ ಓಟಿಪಿ ಬರುವುದು ಆ ಸಂಖ್ಯೆಗೇ. ಐಫೋನಾದರೆ ಅವರು ಲೆಗಸಿ ಕಾಂಟ್ಯಾಕ್ಟ್ (ತಮ್ಮ ನಂತರ ಖಾತೆಯ ಮಾಹಿತಿ ಪಡೆಯಬಹುದಾದವರು) ನೇಮಿಸಿದ್ದರಾ ಎಂದು ಮನೆಯವರ ಫೋನುಗಳಲ್ಲಿ ಹುಡುಕಿ. 2021ರ ಕೊನೆಯಿಂದ ಆ ಸೌಲಭ್ಯವಿದೆ. ನೇಮಿಸಿದಾಗ ಸಿಗುವ ಆ್ಯಕ್ಸೆಸ್ ಕೀ ಎಂಬ ಸಂಕೇತ ಮತ್ತು ಮರಣ ಪ್ರಮಾಣಪತ್ರ ಎರಡೂ ಬೇಕು. ಅದರಿಂದ ಆ್ಯಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡಿನಲ್ಲಿರುವುದು ಸಿಗುತ್ತದೆ, ಆದರೆ ಫೋನಿನ ಪಾಸ್‌ಕೋಡ್ ತೆಗೆಯಬೇಕೆಂದರೆ ಫೋನನ್ನು ಅಳಿಸಲೇಬೇಕು. ಎತ್ತಿಡಬೇಕಾದದ್ದು ಇನ್ನೇನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಅಲಾರಂ ನಿಲ್ಲಿಸುವ ಯೋಚನೆ.

ಉತ್ತರ 3: ನಿಧಾನಿ

ಅಳುವ ಪ್ರಶ್ನೆಗೆ. ಸಹಜ, ಅದಕ್ಕೆ ಕಾರಣವೂ ಇದೆ.

1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಮನೋವೈದ್ಯರು ಬದುಕಿನ 43 ಘಟನೆಗಳಿಗೆ, ಅವು ತರುವ ಒತ್ತಡಕ್ಕೆ ತಕ್ಕಂತೆ, ಅಂಕ ಕೊಟ್ಟು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಕೊನೆಯಲ್ಲಿ ಕಾನೂನಿನ ಸಣ್ಣ ಉಲ್ಲಂಘನೆಗೆ 11. ಸೋರುವ ನಲ್ಲಿಗೆ ಅಲ್ಲಿ ಜಾಗವಿರಲಿಲ್ಲ. 1981ರಲ್ಲಿ ಮನೋವಿಜ್ಞಾನಿಗಳಾದ ಕ್ಯಾನರ್, ಲಜಾರಸ್ ಮತ್ತು ಜೊತೆಗಾರರು 117 ದಿನನಿತ್ಯದ ಕಿರಿಕಿರಿಗಳ ಪಟ್ಟಿ ಹಿಡಿದು ಮಧ್ಯವಯಸ್ಕರನ್ನು ತಿಂಗಳುಗಟ್ಟಲೆ ಗಮನಿಸಿದರು. ಮನಸ್ಸಿನ ಬಾಧೆಯನ್ನು ಮುಂಗಾಣಲು ದೊಡ್ಡ ಘಟನೆಗಳಿಗಿಂತ ಈ ಚಿಲ್ಲರೆಗಳೇ ಹೆಚ್ಚು ನೆರವಾದವು. 2004ರಲ್ಲಿ ಮನೋವಿಜ್ಞಾನಿ ಡೇನಿಯಲ್ ಗಿಲ್ಬರ್ಟ್ ಮತ್ತಿತರರು ಬೇರೆ ದಿಕ್ಕಿನಿಂದ ಬಂದರು: ನೋವು ಒಂದು ಮಟ್ಟ ದಾಟಿದಾಗ ಮಾತ್ರ ಮನಸ್ಸು ತನ್ನ ರಕ್ಷಣೆಯ ಕೆಲಸ ಶುರುಮಾಡುತ್ತದೆ, ಆ ಮಟ್ಟಕ್ಕೆ ಬಾರದ ಸಣ್ಣ ನೋವು ಹಾಗೇ ಚುಚ್ಚುತ್ತಾ ಉಳಿಯಬಹುದು.

ಇನ್ನೊಂದು ಮಾತು. ದುಃಖದಲ್ಲಿ ಗಮನ ಚೆದುರುತ್ತದೆ, ನಿದ್ದೆ ಕೆಡುತ್ತದೆ. ಕೀ ಮುರಿಯುವುದು, ಒಲೆ ಆರಿಸಲು ಮರೆಯುವುದು, ಮೆಟ್ಟಿಲು ತಪ್ಪುವುದು ಈ ಕಾಲಕ್ಕೆ ಹೆಚ್ಚು. ಹೊರಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿ: ಒಲೆ, ನಲ್ಲಿ, ಕೀ, ಫೋನ್. ಬಿಡಿ ಕೀಯೊಂದನ್ನು ನಂಬುವವರ ಬಳಿ ಕೊಟ್ಟಿಡಿ. ಗಾಡಿ ಓಡಿಸುವ ಕೆಲಸ ನಿದ್ದೆಯಾದವರಿಗೆ ಬಿಡಿ.

ಉತ್ತರ 4: ಅಡ್ಡಮಾತು

ನಿಧಾನಿಯವರೇ, 1981ರ ಫಲಿತಾಂಶವನ್ನು ಅಷ್ಟು ಸಲೀಸಾಗಿ ಒಪ್ಪಬೇಡಿ. 1984ರಲ್ಲೇ ಡೋರೆನ್‌ವೆಂಡ್ ಮತ್ತಿತರ ಸಂಶೋಧಕರು ತಕರಾರು ಎತ್ತಿದ್ದರು: ಆ ಪಟ್ಟಿಯ ಹಲವು ಕಿರಿಕಿರಿಗಳು ಸ್ವತಃ ಮನೋಬಾಧೆಯ ಲಕ್ಷಣಗಳೇ. ಅಂದಮೇಲೆ ಒಂದು ಇನ್ನೊಂದನ್ನು ಮುಂಗಾಣುವುದರಲ್ಲಿ ಸೋಜಿಗವೇನಿದೆ?

ಅದಿರಲಿ, ಸಾವು ಮತ್ತು ನಲ್ಲಿಯನ್ನು ತಕ್ಕಡಿಯ ಎರಡು ತಟ್ಟೆಗಿಟ್ಟು ತೂಗುವುದೇ ನನಗೆ ಸರಿಕಾಣುವುದಿಲ್ಲ. 1999ರಲ್ಲಿ ಶೋಕದ ಬಗ್ಗೆ ಸಂಶೋಧನೆ ಮಾಡುವ ಸ್ಟ್ರೋಬ ಮತ್ತು ಶುಟ್ ಹೇಳಿದ್ದು ಇಲ್ಲಿಗೆ ಹೆಚ್ಚು ಹೊಂದುತ್ತದೆ. ಕಳೆದುಕೊಂಡವರನ್ನು ನೆನೆದು ಕೊರಗುವುದು ಒಂದು ಕಡೆ, ಅವರಿಲ್ಲದ ಬದುಕಿನ ಕೆಲಸಗಳನ್ನು ಹೊಸದಾಗಿ ಹೊಂದಿಸಿಕೊಳ್ಳುವುದು ಇನ್ನೊಂದು ಕಡೆ. ಮನುಷ್ಯ ಎರಡರ ನಡುವೆ ಹೋಗಿಬರುತ್ತಿರುತ್ತಾನೆ. ಮನೆಯ ನಲ್ಲಿ, ಬೀಗ, ಬಿಲ್ಲು ನೋಡಿಕೊಳ್ಳುತ್ತಿದ್ದವರೇ ಹೋಗಿದ್ದರೆ ಕೆಟ್ಟ ನಲ್ಲಿ ಆ ಗಡಿಯ ಮೇಲೆಯೇ ಇದೆ. ಅಲ್ಲಿ ಅಳು ಬಂದರೆ ಅದು ನಲ್ಲಿಗೆ ಬಂದ ಅಳು ಅಂತ ಯಾಕೆ ಅಂದುಕೊಳ್ಳಬೇಕು?

ಹಾಗಾಗಿ ನಾಲ್ಕಲ್ಲ, ಪೂರ್ತಿ ಪಟ್ಟಿ ಮಾಡಿ: ಅವರು ಮಾಡುತ್ತಿದ್ದ ಕೆಲಸಗಳೇನೇನು? ಯಾವ ವಾಲ್ವ್ ಎಲ್ಲಿದೆ, ಯಾವ ಬಿಲ್ಲಿನ ಗಡುವು ಯಾವ ತಾರೀಕು, ಯಾವುದು ಅವರ ಖಾತೆಯಿಂದ ತಾನಾಗಿ ಕಟ್ಟಿಹೋಗುತ್ತಿತ್ತು, ವಿಮೆಯ ಕಾಗದ ಎಲ್ಲಿ. ಒಂದೊಂದರ ಮುಂದೆ ಒಬ್ಬರ ಹೆಸರು ಬರೆಯಿರಿ. "ಏನಾದರೂ ಬೇಕಾದರೆ ಹೇಳಿ" ಎನ್ನುವ ನೆಂಟರಿಗೂ ಗೆಳೆಯರಿಗೂ ಆ ಪಟ್ಟಿಯಿಂದಲೇ ಒಂದು ಸಾಲು ಕೊಡಿ. ಅವರೂ ಕೆಲಸ ಹುಡುಕುತ್ತಿರುತ್ತಾರೆ, ದುಃಖದಲ್ಲಿರುವವರಿಗೆ ಕೇಳಲು ಬಾಯಿ ಬರುವುದಿಲ್ಲ.

ಸರಿಮಾಡಲೇಬಾರದವೂ ಇರುತ್ತವೆ. ಅವರು ಐದು ನಿಮಿಷ ಮುಂದೆ ಇಟ್ಟುಕೊಂಡಿದ್ದ ಗಡಿಯಾರವನ್ನು ಉತ್ಸಾಹಿಗಳು ಯಾರೋ ಸರಿಮಾಡಿಬಿಡುತ್ತಾರೆ, ಆಮೇಲೆ ಮನೆಯಲ್ಲಿ ರಂಪ. ಮುಟ್ಟುವ ಮೊದಲು ಎಲ್ಲರನ್ನೂ ಕೇಳಿ.

ಉತ್ತರ 3ರ ಮುಂದುವರಿಕೆ: ನಿಧಾನಿ

ತಕರಾರು ಒಪ್ಪಿದೆ. ಒಂದು ಸೇರಿಸಬೇಕು: ಸಣ್ಣದಕ್ಕೆ ಅಳುವುದು ಕಾಯಿಲೆಯಲ್ಲ. ಆದರೆ ತಿಂಗಳುಗಳು ಕಳೆದರೂ ಹಂಬಲ ಒಂದಿಷ್ಟೂ ತಗ್ಗದೆ, ದಿನದ ಕೆಲಸವೇ ನಿಂತುಹೋಗಿದ್ದರೆ ವೈದ್ಯರನ್ನು ಕಾಣಬೇಕು. ದೀರ್ಘಕಾಲದ ಶೋಕವೆಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಕನಿಷ್ಠ 6 ತಿಂಗಳು ಎನ್ನುತ್ತದೆ, ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿ ಡಿಎಸ್ಎಂ-5-ಟಿಆರ್ ವಯಸ್ಕರಿಗೆ 12 ತಿಂಗಳು ಎನ್ನುತ್ತದೆ. ಬದುಕುವುದೇ ಬೇಡ ಎಂಬ ಮಾತು ಬಂದರೆ ಈ ಲೆಕ್ಕಗಳನ್ನೆಲ್ಲ ಬಿಡಿ. ಅವರನ್ನು ಒಬ್ಬರೇ ಇರಲು ಬಿಡಬೇಡಿ, ಅವತ್ತೇ ವೈದ್ಯರ ಬಳಿ ಕರೆದೊಯ್ಯಿರಿ.

ಕಿಟಕಿಪಕ್ಕ

ಎಲ್ಲರಿಗೂ ವಂದನೆ. ನಲ್ಲಿ ಹಲವು ಸುತ್ತಿನದೇ, ದಾರ ಕಟ್ಟಿಯಾಯಿತು. ಅವರ ಲ್ಯಾಪ್‌ಟಾಪಿನಲ್ಲಿ ವಾಟ್ಸ್‌ಆ್ಯಪ್ ತೆರೆದೇ ಇದೆ, ಇಳಿಸಿಕೊಳ್ಳುತ್ತಿದ್ದೇವೆ. ಜಿಪ್ ವಿಷಯ ಯಾರೂ ಹೇಳಲಿಲ್ಲ.

ಪಾನ-ಇಕ್ಕಳ

ಜಿಪ್ ಎಳೆದ ಹಿಂದೆಯೇ ಬಿಚ್ಚುತ್ತದೆ ಎಂದರೆ ಹಲ್ಲು ಕೆಟ್ಟಿಲ್ಲ, ಎಳೆಯುವ ರನ್ನರಿನ ಬಾಯಿ ಅಗಲವಾಗಿದೆ. ಸವೆದ ರನ್ನರ್ ಎರಡು ಬದಿಯ ಹಲ್ಲುಗಳನ್ನು ಒಂದಕ್ಕೊಂದು ಒತ್ತುವುದಿಲ್ಲ. ರನ್ನರನ್ನು ಪೂರ್ತಿ ತೆರೆದ ತುದಿಗೆ ತನ್ನಿ. ಅದರ ಹಿಂಭಾಗ, ಅಂದರೆ ಹಲ್ಲುಗಳು ಕೂಡಿಕೊಂಡು ಹೊರಬರುವ ಕಡೆ, ಮೇಲಿನ ಮತ್ತು ಕೆಳಗಿನ ತಗಡಿನ ನಡುವೆ ಸಂದು ಇದೆ. ಎಡಬದಿಗೊಮ್ಮೆ ಬಲಬದಿಗೊಮ್ಮೆ ಸಮನಾಗಿ ಇಕ್ಕಳದಿಂದ ತುಸುವೇ ಅದುಮಿ, ಎಳೆದು ನೋಡಿ, ಸಾಲದಿದ್ದರೆ ಇನ್ನೊಂದು ತುಸು. ಒಂದೇ ಸಲ ಜೋರಾಗಿ ಅದುಮಿದರೆ ಆ ಎರಕದ ಲೋಹ ಬಾಗುವುದಿಲ್ಲ, ಪಟ್ಟನೆ ಸೀಳುತ್ತದೆ. ಬಿಗಿಯಾಗಿ ಓಡಿದರೆ ಲೋಹದ ಹಲ್ಲಿಗೆ ಪೆನ್ಸಿಲಿನ ಸೀಸ, ನೈಲಾನಿಗೆ ಮೇಣದಬತ್ತಿ ಉಜ್ಜಿ. ಎರಡು ಸಲ ಅದುಮಿದ ಮೇಲೂ ಬಾಯಿ ಬಿಟ್ಟರೆ ರನ್ನರ್ ಮಾತ್ರ ಬದಲಿಸಿ, ಅದರ ಹಿಂಬದಿಯಲ್ಲಿ ಕೊರೆದ ಸಂಖ್ಯೆ ನೋಡಿ ಅದೇ ಅಳತೆಯದು ತನ್ನಿ. ಇಡೀ ಜಿಪ್ ಬಿಚ್ಚಿ ಹೊಲಿಸಬೇಕಿಲ್ಲ.